ಹೆಂಡತಿಗೆ ಸಿಕ್ಕ ಎರಡು ಸೀಟು

ಹೊಳಲ್ಕೆರೆಯಲ್ಲಿ ಮಾರುತೇಶನನ್ನು ಅರ್ಧ ಊರು ‘ಡಾಕ್ಟ್ರೇ’ ಎಂದೇ ಕರೆಯುತ್ತದೆ. ಅವನು ಡಾಕ್ಟರಲ್ಲ. ಬಸ್ ನಿಲ್ದಾಣದ ಹತ್ತಿರ ಒಂದು ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದಾನೆ. ಸಂತೆಗೋ ಮಂಡಿಗೋ ಬಂದ ಹಳ್ಳಿಯ ಜನ ಮೈಕೈ ನೋವು, ಮಕ್ಕಳ ಕೆಮ್ಮು ಎಂದು ನೇರ ಅವನ ಅಂಗಡಿಯ ಮುಂದೆ ನಿಲ್ಲುತ್ತಾರೆ. ಡಾಕ್ಟ್ರೇ, ಒಂದು ಮಾತ್ರೆ ಕೊಡ್ರಿ ಎಂದು ಯಾರಾದರೂ ಕೇಳಿದರೆ ಅವನು ಒಮ್ಮೆಯೂ ತಿದ್ದಿದವನಲ್ಲ. ಆ ಕರೆ ಕಿವಿಗೆ ಬಿದ್ದಾಗ ಅವನ ಬೆನ್ನು ತಾನಾಗಿಯೇ ಸ್ವಲ್ಪ ನೆಟ್ಟಗಾಗುತ್ತಿತ್ತು.

ಅವನ ಅಪ್ಪ ದಾಸಣ್ಣ ಪಿಯು ಕಾಲೇಜಿನಲ್ಲಿ ಅಟೆಂಡರ್ ಆಗಿದ್ದವರು. ಸೈನ್ಸ್ ಲ್ಯಾಬಿನ ಬೀಗ ತೆಗೆದು ಹಾಕುತ್ತಲೇ ಸರ್ವೀಸು ಮುಗಿಸಿದ ಆ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ, ಮಗ ಡಾಕ್ಟರಾಗಬೇಕು. ಆಗಿನ್ನೂ ನೀಟ್ ಬಂದಿರಲಿಲ್ಲ, ಸಿಇಟಿ ಇತ್ತು. ದಾವಣಗೆರೆಯಲ್ಲಿ ರೂಮು ಮಾಡಿಸಿ, ಕೋಚಿಂಗಿಗೆ ಸೇರಿಸಿ ಮಗನಿಂದ ಮೂರು ಸಲ ಪರೀಕ್ಷೆ ಬರೆಸಿದರು. ಮೊದಲ ಸಲ ಸೀಟು ಕೂದಲೆಳೆಯಲ್ಲಿ ತಪ್ಪಿತು. ಎರಡನೆಯ ಸಲ ಇನ್ನಷ್ಟು ದೂರ ಹೋಯಿತು. ಮೂರನೆಯ ಸಲ ಮಾರುತೇಶನಿಗೆ ಫಲಿತಾಂಶ ನೋಡುವ ಧೈರ್ಯವೂ ಇರಲಿಲ್ಲ. ಕೊನೆಗೆ ಡಿ ಫಾರ್ಮ ಓದಿ ಅಂಗಡಿ ತೆರೆದ. ಅಂಗಡಿಯ ಬೋರ್ಡು ಏರಿದ ವರ್ಷವೇ ದಾಸಣ್ಣ ತೀರಿಕೊಂಡರು.

ಅವನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಬಾಲರಾಜುಗೆ ಮೊದಲ ಸಲವೇ ಸೀಟು ಸಿಕ್ಕಿ, ಈಗ ಹಿರಿಯೂರಿನಲ್ಲಿ ಸ್ವಂತ ಕ್ಲಿನಿಕ್ ಇದೆ. ಅಪರೂಪಕ್ಕೆ ಬಾಲರಾಜು ಬರೆದ ಚೀಟಿ ಹಿಡಿದುಕೊಂಡು ಯಾರಾದರೂ ಅಂಗಡಿಗೆ ಬಂದರೆ ಮಾರುತೇಶ ಅದನ್ನು ಎರಡೆರಡು ಸಲ ಓದುತ್ತಿದ್ದ. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂಬುದು ಒಳಗಿನ ಆಸೆ. ಸಿಗುತ್ತಿರಲಿಲ್ಲ. ಆ ದಿನವಿಡೀ ಗಿರಾಕಿಗಳ ಮೇಲೆ ರೇಗುತ್ತಿದ್ದ.

ಹೊಸದುರ್ಗದ ಕಡೆಯ ಉಷಾರಾಣಿಯನ್ನು ಅವನು ಮದುವೆಯಾದಾಗ ಅವಳು ನರ್ಸಿಂಗ್ ಮುಗಿಸಿ ಹೊಳಲ್ಕೆರೆಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದಳು. ಪಿಯುಸಿ ಸೈನ್ಸಿನಲ್ಲಿ ಕಾಲೇಜಿಗೇ ಮೊದಲಿಗಳು. ಆದರೆ ಅದೇ ಬೇಸಿಗೆಯಲ್ಲಿ ಅವಳ ಅಪ್ಪ ಹಾಸಿಗೆ ಹಿಡಿದಿದ್ದರಿಂದ ಸಿಇಟಿ ಅರ್ಜಿಯನ್ನೇ ಹಾಕಲಿಲ್ಲ. ಬೇಗ ಕೆಲಸ ಸಿಗುತ್ತದೆಂದು ಅಣ್ಣ ಬೋರಣ್ಣ ನರ್ಸಿಂಗಿಗೆ ಸೇರಿಸಿದ. ಇದನ್ನೆಲ್ಲ ಅವಳು ಮಾರುತೇಶನಿಗೆ ಮದುವೆಯ ಹೊಸತರಲ್ಲಿ ಒಂದು ಸಲ ಹೇಳಿದ್ದಳು, ಮತ್ತೆ ಎತ್ತಿರಲಿಲ್ಲ. ಮಾತು ಕಡಿಮೆ, ಕೆಲಸ ಹೆಚ್ಚು. ಗಂಡ, ಹೆಂಡತಿ, ಅತ್ತೆ ಕೆಂಚಕ್ಕ, ಮಗಳು ಪ್ರೀತಿ, ಇಷ್ಟೇ ಜನರ ಮನೆ ಸಲೀಸಾಗಿ ನಡೆದುಕೊಂಡು ಹೋಗುತ್ತಿತ್ತು.

ನೀಟ್ ಬರೆಯುವವರಿಗೆ ಈಗ ವಯಸ್ಸಿನ ಮಿತಿಯಿಲ್ಲ ಎಂಬ ಸುದ್ದಿಯನ್ನು ಮನೆಗೆ ತಂದವನು ಮಾರುತೇಶನೇ. ಆಗ ಅವನಿಗೆ ಮೂವತ್ತು ದಾಟಿತ್ತು. ಪೇಪರಿನಲ್ಲಿ ಓದಿ, ಅಂಗಡಿ ಮುಚ್ಚಿ ಬಂದವನೇ ಅಟ್ಟದಿಂದ ಹಳೆಯ ಪುಸ್ತಕಗಳ ಗಂಟು ಇಳಿಸಿದ. ಒಬ್ಬನೇ ಓದಲು ಬೇಸರವೆಂದು ಉಷಾಗೂ ಬರೆ ಎಂದ. ಅವಳು ಒಂದು ದಿನ ಯೋಚಿಸಿ ಒಪ್ಪಿಕೊಂಡಳು.

ಆಮೇಲಿನ ದಿನಗಳು ಅವರಿಬ್ಬರ ಬಾಳಿನಲ್ಲೇ ಒಳ್ಳೆಯ ದಿನಗಳು ಎನ್ನಬೇಕು. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದಾಗ ಉಷಾ ಡ್ಯೂಟಿ ಮುಗಿಸಿ ಬಂದು ಒಳಗಡೆಯ ಸ್ಟೂಲಿನ ಮೇಲೆ ಕುಳಿತುಕೊಳ್ಳುತ್ತಿದ್ದಳು. ಅವನು ಫಿಸಿಕ್ಸ್ ಹೇಳಿಕೊಡುತ್ತಿದ್ದ. ಔಷಧಿ ಪೆಟ್ಟಿಗೆಗಳ ರಟ್ಟಿನ ಮೇಲೆ ಲೆಕ್ಕ ಬಿಡಿಸಿ ತೋರಿಸುತ್ತಿದ್ದ. ಅವಳಿಗೆ ಒಂದು ಲೆಕ್ಕ ಅರ್ಥವಾಗದಿದ್ದರೆ ಅವನಿಗೆ ಎಲ್ಲಿಲ್ಲದ ಉತ್ಸಾಹ. ಮೊದಲ ವರ್ಷ ಇಬ್ಬರಿಗೂ ಸೀಟು ಬರುವಷ್ಟು ಅಂಕ ಬರಲಿಲ್ಲ, ಅವಳಿಗಿಂತ ಅವನಿಗೆ ಸ್ವಲ್ಪ ಹೆಚ್ಚು ಬಂದಿತ್ತು. ಅವಳನ್ನು ಸಮಾಧಾನ ಮಾಡಿದ, ಮುಂದಿನ ಸಲ ನೋಡೋಣ ಎಂದ. ಆ ವರ್ಷ ಅವನು ಬಹಳ ಸಂತೋಷವಾಗಿದ್ದ.

ಎರಡನೆಯ ವರ್ಷ ಉಷಾ ಅಂಗಡಿಗೆ ಬರುವುದು ಕಡಿಮೆ ಮಾಡಿದಳು. ಬೆಳಗಿನ ಜಾವ ಎದ್ದು ಅಡಿಗೆಮನೆಯಲ್ಲೇ ಕುಳಿತು ಓದತೊಡಗಿದಳು. ಏನಾದರೂ ಕೇಳುವುದಿದೆಯಾ ಎಂದು ಅವನು ಕೇಳಿದರೆ, ಇಲ್ಲ, ತಿಳಿಯಿತು ಎನ್ನುತ್ತಿದ್ದಳು. ಒಂದು ದಿನ ಅವನು ತಡಕಾಡುತ್ತಿದ್ದ ಲೆಕ್ಕವೊಂದನ್ನು ಸಾರು ಕಲಕುತ್ತಲೇ ಬಾಯಲ್ಲಿ ಬಿಡಿಸಿದಳು. ಹೊಗಳಿಕೆಗೆ ಹೇಳಿದ್ದಲ್ಲ, ಸಹಜವಾಗಿ ಹೇಳಿದ್ದು. ಆ ಹೊತ್ತು ಅವನಿಗೆ ಊಟ ರುಚಿಸಲಿಲ್ಲ. ಉಪ್ಪು ಜಾಸ್ತಿಯಾಗಿದೆ ಎಂದು ತಟ್ಟೆ ಸರಿಸಿ ಎದ್ದ.

ಫಲಿತಾಂಶ ಬಂದ ದಿನ ಅವನು ಅಂಗಡಿಯಲ್ಲಿದ್ದ. ಇಬ್ಬರ ಅರ್ಜಿಯನ್ನೂ ತುಂಬಿದವನು ಅವನೇ ಆದ್ದರಿಂದ ಎಲ್ಲ ಸಂದೇಶಗಳೂ ಅವನ ಮೊಬೈಲಿಗೇ ಬರುತ್ತಿದ್ದವು. ಮೊದಲು ತನ್ನದನ್ನು ನೋಡಿಕೊಂಡ. ಕಳೆದ ಸಲಕ್ಕಿಂತ ಕಡಿಮೆ. ಆಮೇಲೆ ಅವಳದನ್ನು ನೋಡಿದ. ಕಣ್ಣಿಗೆ ಬಿದ್ದದ್ದು ಸರಿಯೋ ತಪ್ಪೋ ಎಂದು ಮತ್ತೆ ತೆರೆದು ನೋಡಿದ. ಅವಳಿಗೆ ಸೀಟು ಸಿಗುವುದರಲ್ಲಿ ಅನುಮಾನವೇ ಇರಲಿಲ್ಲ. ಅವನು ಫೋನನ್ನು ಕ್ಯಾಶ್ ಡ್ರಾಯರಿಗೆ ಹಾಕಿ ಮುಚ್ಚಿ, ಬಂದ ಗಿರಾಕಿಗೆ ಬೇರೆ ಯಾವುದೋ ಸಿರಪ್ ತೆಗೆದುಕೊಟ್ಟು, ಆ ಹೆಂಗಸು ತಿರುಗಿ ಬಂದು ಕೇಳಿದ ಮೇಲೆ ಬದಲಿಸಿದ.

ಸಂಜೆ ಮನೆಗೆ ಹೋಗಿ, ನಿನ್ನದು ಬಂದಿದೆ, ಚೆನ್ನಾಗಿ ಬಂದಿದೆ ಎಂದ. ಈಗಷ್ಟೇ ನೋಡಿದೆ ಎಂದೂ ಸೇರಿಸಿದ. ಫಲಿತಾಂಶ ಬೆಳಿಗ್ಗೆಯೇ ಬಂದಿತ್ತೆಂದು ಉಷಾಗೆ ಅವಳ ಜೊತೆ ಕೆಲಸ ಮಾಡುವ ಶಾಲಿನಿ ಆಗಲೇ ಹೇಳಿದ್ದಳು. ಉಷಾ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಕೆಂಚಕ್ಕ ಮಾತ್ರ ಸೊಸೆಯ ಕೈ ಹಿಡಿದುಕೊಂಡು ಅತ್ತರು. ತಮ್ಮ ಗಂಡ ಬದುಕಿದ್ದಿದ್ದರೆ ಹೇಗಿರುತ್ತಿತ್ತು ಎಂದರು. ಆ ಮಾತು ಮಾರುತೇಶನಿಗೆ ಎಲ್ಲಿಗೆ ನಾಟಿತೋ, ಎದ್ದು ಹೊರಗೆ ಹೋದ.

ಊರಲ್ಲಿ ಸುದ್ದಿ ಹಬ್ಬಿತು. ಮೊದಮೊದಲು ಮಾರುತೇಶನೇ ನಾಲ್ಕು ಜನಕ್ಕೆ ಹೇಳಿದ. ನಾನೇ ಕಲಿಸಿದ್ದು, ಅಂಗಡಿಯಲ್ಲಿ ಕೂರಿಸಿಕೊಂಡು ಕಲಿಸಿದ್ದು ಎನ್ನುತ್ತಿದ್ದ. ಜನ ಹೌದಾ ಎನ್ನುತ್ತಿದ್ದರು, ಆಮೇಲೆ ಎಲ್ಲರದೂ ಒಂದೇ ಪ್ರಶ್ನೆ: ನಿಮಗೆಷ್ಟು ಬಂತು? ಒಂದು ವಾರದಲ್ಲಿ ಅವನು ಆ ಸುದ್ದಿ ಎತ್ತುವುದನ್ನೇ ಬಿಟ್ಟ. ಹೊಸದುರ್ಗದಿಂದ ಬೋರಣ್ಣ ಸಿಹಿ ತಂದು, ಎಲ್ಲ ನಿಮ್ಮ ಪುಣ್ಯ ಭಾವ ಎಂದು ಕೈಮುಗಿದಾಗ, ತನ್ನನ್ನು ಹಂಗಿಸುತ್ತಿದ್ದಾನೆ ಎಂದೇ ಅವನಿಗೆ ಅನ್ನಿಸಿತು. ಬೋರಣ್ಣ ಹಂಗಿಸುವ ಜಾತಿಯವನೇ ಅಲ್ಲ.

ಸೀಟು ಹಂಚಿಕೆಯಾದಾಗ ಉಷಾಗೆ ಒಂದಲ್ಲ, ಎರಡು ಕಡೆ ಬಂತು. ರಾಜ್ಯದ ಕೋಟಾದಲ್ಲಿ ಚಿತ್ರದುರ್ಗದ ಸರ್ಕಾರಿ ಮೆಡಿಕಲ್ ಕಾಲೇಜು. ಅಖಿಲ ಭಾರತ ಕೋಟಾದಲ್ಲಿ ಕಾರವಾರದ್ದು. ಎರಡರಲ್ಲಿ ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಬೇಕಿತ್ತು. ದುರ್ಗದ ಸೀಟು ಬೇಕೋ ಬೇಡವೋ ಎಂಬುದನ್ನು ಹೇಳಲು ಒಂದು ಗಡುವಿತ್ತು. ಆನ್‌ಲೈನಿನಲ್ಲಿ ಒತ್ತಿದಾಗ ಮೊಬೈಲಿಗೆ ಓಟಿಪಿ ಬರುತ್ತದೆ, ಅದನ್ನು ಹಾಕಿದರೆ ಮಾತ್ರ ಒಪ್ಪಿಗೆ ಪಕ್ಕಾ. ಗಡುವು ಮೀರಿದರೆ ಆ ಸೀಟು ಇಲ್ಲ.

ಮನೆಯಲ್ಲಿ ಚರ್ಚೆ ಶುರುವಾಯಿತು. ದುರ್ಗವೆಂದರೆ ಮುಕ್ಕಾಲು ಗಂಟೆಯ ಬಸ್ಸು. ದಿನಾ ಹೋಗಿಬರಬಹುದು, ಮಗು ಕಣ್ಣೆದುರಿಗಿರುತ್ತದೆ. ಕಾರವಾರವೆಂದರೆ ಹಾಸ್ಟೆಲ್ಲು, ಹಬ್ಬಕ್ಕೊಮ್ಮೆ ಮನೆ. ಆದರೆ ಅಲ್ಲಿ ಓದುವುದೊಂದೇ ಕೆಲಸ. ಇಲ್ಲಿದ್ದರೆ ಬೆಳಿಗ್ಗೆ ಅಡಿಗೆ, ಸಂಜೆ ಅಡಿಗೆ, ನಡುವೆ ಬಸ್ಸು. ಅಲ್ಲದೆ ಕಾರವಾರದ ಕಾಲೇಜು ಮೊದಲು ಶುರುವಾದದ್ದು, ದುರ್ಗದ್ದು ಇನ್ನೂ ಹೊಸದು. ಉಷಾ ಎರಡನ್ನೂ ತೂಗಿ ನೋಡಿ, ದುರ್ಗವೇ ಸರಿಯೆನ್ನಿಸುತ್ತದೆ, ನೀವೇನಂತೀರಿ ಎಂದು ಗಂಡನನ್ನು ಕೇಳಿದಳು. ದುರ್ಗವೇ ಸರಿ ಎಂದ ಅವನೂ.

ಒಂದು ದಿನ ಇಬ್ಬರೂ ದುರ್ಗಕ್ಕೆ ಹೋದರು. ಉಷಾಗೆ ಅಲ್ಲಿನ ಕೌನ್ಸೆಲಿಂಗ್ ಸಹಾಯ ಕೇಂದ್ರದಲ್ಲಿ ಏನೋ ವಿಚಾರಿಸುವುದಿತ್ತು. ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ಮಾರುತೇಶನ ಕೈಯಲ್ಲಿದ್ದ ಫೈಲು ನೋಡಿ ಸೀಟು ನಿಮಗಾ ಸಾರ್ ಎಂದು ಕೇಳಿದ. ಅಲ್ಲ, ಇವಳಿಗೆ ಎಂದಾಗ ಆ ಮನುಷ್ಯ ಅವನ ಕೈಯಿಂದ ಫೈಲು ತೆಗೆದು ಉಷಾಗೆ ಕೊಟ್ಟು, “ನೀವು ಬರ್ರಿ ಮೇಡಂ. ಜೊತೆಗೆ ಬಂದೋರು ಇಲ್ಲೇ ಕುಂತ್ಕಳ್ರಿ” ಎಂದ. ಮಾರುತೇಶ ಹೊರಗಿನ ಬೆಂಚಿನಲ್ಲಿ ಕುಳಿತ. ಪಕ್ಕದಲ್ಲಿ ಮಕ್ಕಳಿಗೆ ಸೀಟು ಸಿಕ್ಕ ಅಪ್ಪಂದಿರು ಕುಳಿತಿದ್ದರು. ಹಿರೇಗುಂಟನೂರು ಕಡೆಯ ಒಬ್ಬರು ನಿಮ್ಮ ಮಗನಾ ಮಗಳಾ ಎಂದು ಕೇಳಿದರು. ಅವನು ನೀರು ಕುಡಿದು ಬರುತ್ತೇನೆಂದು ಎದ್ದು ಹೋದ.

ಒಳಗಿನಿಂದ ಬರುವುದು ಅವಳಿಗೆ ಸ್ವಲ್ಪ ತಡವಾಯಿತು. ಬಂದಾಗ ಮುಖ ಗೆಲುವಾಗಿತ್ತು. ಬಸ್ಸಿನಲ್ಲಿ ಅವನು ಕಿಟಕಿ ಕಡೆ ತಿರುಗಿ ಕುಳಿತ. ಐದು ವರ್ಷ ದಿನಾ ಇವಳು ಇದೇ ಬಸ್ಸಿನಲ್ಲಿ ಬಿಳಿ ಕೋಟು ತೋಳಿನ ಮೇಲೆ ಹಾಕಿಕೊಂಡು ಹೋಗುತ್ತಾಳೆ, ತಾನು ನಿಲ್ದಾಣದ ಎದುರಿನ ಅಂಗಡಿಯಲ್ಲಿ ನಿಂತು ಅದನ್ನು ನೋಡುತ್ತಾನೆ, ಇಡೀ ಹೊಳಲ್ಕೆರೆಯೂ ನೋಡುತ್ತದೆ. ಡಾಕ್ಟ್ರೇ ಎಂದು ಯಾರಾದರೂ ಕರೆದರೆ ಪಕ್ಕದಲ್ಲಿದ್ದವರು ನಗುತ್ತಾರೆ. ಇದನ್ನೇ ಯೋಚಿಸುತ್ತ ಹೋದವನು ಮನೆ ತಲುಪುವಷ್ಟರಲ್ಲಿ ಕಾರವಾರವೇ ಒಳ್ಳೆಯದು ಎಂದು ಬದಲಾಗಿದ್ದ. ದೂರವಿದ್ದರೆ ಓದಿಗೆ ಗಮನ ಎಂದು ಕಾರಣ ಕೊಟ್ಟ. ಕೆಂಚಕ್ಕ ಅದಕ್ಕೂ ತಯಾರಿದ್ದರು. “ಎಲ್ಲಿಗನ ಹೋಗವ್ವ. ಮಗೂನ ನಾನ್ ನೋಡ್ಕಂತೀನಿ” ಎಂದರು.

ಅದೂ ಎರಡು ದಿನ ನಿಲ್ಲಲಿಲ್ಲ. ಕಾರವಾರವೆಂದ ಮೇಲೆ ಅವನ ತಲೆಯಲ್ಲಿ ಬೇರೆ ಚಿತ್ರಗಳು ಎದ್ದವು. ಜೊತೆಯಲ್ಲಿ ಓದುವ ಹುಡುಗರು. ತನ್ನದೇ ವಯಸ್ಸಿನ, ತಾನು ಆಗಬೇಕಿದ್ದುದನ್ನು ಆಗಿರುವ ಮೇಷ್ಟ್ರುಗಳು. ಅವರೊಂದಿಗೆ ಅವಳು ತನಗೆ ಗೊತ್ತಿಲ್ಲದ ಸಂಗತಿಗಳನ್ನು ತನಗೆ ಗೊತ್ತಿಲ್ಲದ ಮಾತಿನಲ್ಲಿ ಮಾತಾಡುತ್ತಾಳೆ. ಊರಿಗೆ ಬಂದಾಗ ತನ್ನ ಅಂಗಡಿ ಅವಳಿಗೆ ಚಿಕ್ಕದಾಗಿ ಕಾಣುತ್ತದೆ. ಮತ್ತೆ ದುರ್ಗವೇ ವಾಸಿ ಎಂದ. ಮರುದಿನ ಅದೂ ಬೇಡವೆನ್ನಿಸಿತು. ಯಾವ ಸೀಟಿನ ಹೆಸರು ಎತ್ತಿದರೂ ಹೊಟ್ಟೆಯೊಳಗೆ ಸುಡುತ್ತಿತ್ತು. ತನಗೆ ಬೇಕಾದದ್ದು ದುರ್ಗವೂ ಅಲ್ಲ, ಕಾರವಾರವೂ ಅಲ್ಲ, ಇವಳು ಹೋಗದಿರುವುದು ಎಂಬುದು ಅವನಿಗೆ ಅಂಗಡಿಯ ಶಟರ್ ಎತ್ತುವಾಗ ಸ್ಪಷ್ಟವಾಗಿ ಹೊಳೆಯಿತು. ಹೊಳೆದದ್ದೇ ತನಗೆ ತಾನೇ ಹೆದರಿಕೊಂಡ.

ಗಡುವಿನ ದಿನ ಬೆಳಿಗ್ಗೆ ಉಷಾ ಹೇಳಿದಳು: “ಇವತ್ತೇ ಕೊನೇದು. ಮಧ್ಯಾಹ್ನ ಊಟಕ್ಕೆ ಬರ್ರಿ, ಇಬ್ರೂ ಕುಂತು ಒಂದನ್ನ ಗಟ್ಟಿ ಮಾಡಾಣ.”

ಆಯಿತು ಎಂದು ಹೊರಟ. ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕುಳಿತ. ಲೆಕ್ಕ ಅವನ ತಲೆಯಲ್ಲಿ ತಾನಾಗಿಯೇ ಕೂಡಿಕೊಂಡಿತು. ಓಟಿಪಿ ಬರುವುದು ತನ್ನ ಫೋನಿಗೆ. ತಾನು ಸಿಗದಿದ್ದರೆ ದುರ್ಗ ತಪ್ಪುತ್ತದೆ. ದುರ್ಗ ತಪ್ಪಿದರೆ, ಮಗುವನ್ನು ಬಿಟ್ಟು ಕಾರವಾರಕ್ಕೆ ಹೋಗುವ ಎದೆ ಇವಳಿಗಿಲ್ಲ. ಬೈಯುವವರು ಬೈಯಲಿ, ಚಾರ್ಜ್ ಮುಗಿದಿತ್ತು ಎಂದರಾಯಿತು. ಶಟರ್ ಎಳೆದು ಬೈಕು ಹತ್ತಿ ಭೀಮಸಮುದ್ರದ ದಾರಿ ಹಿಡಿದ. ಊರಾಚೆ ನಿಲ್ಲಿಸಿ ಫೋನ್ ಆಫ್ ಮಾಡಿದ.

ಭೀಮಸಮುದ್ರದಲ್ಲಿ ಅವನ ಗೆಳೆಯ ಪರಮೇಶ್ ಅಡಿಕೆ ವ್ಯಾಪಾರ ಮಾಡುತ್ತಾನೆ. ಹೊಸ ಕೊಯ್ಲು ಬರತೊಡಗಿತ್ತು. ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದರು. ಪರಮೇಶ್ ಕುರ್ಚಿ ಹಾಕಿಸಿ ಚಹಾ ತರಿಸಿ, ಉಷಕ್ಕ ಯಾವ ಕಾಲೇಜು ಹಿಡಿದರು ಎಂದು ಕೇಳಿದ. ಇನ್ನೂ ಯೋಚನೆ ನಡೆದಿದೆ ಎಂದ ಮಾರುತೇಶ. ಸುಲಿಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ತಲೆಯೆತ್ತಿ, ಹೊಳಲ್ಕೆರೆಯಲ್ಲಿ ಮದುವೆಯಾದ ನರ್ಸೊಬ್ಬಳು ಡಾಕ್ಟರಾಗುತ್ತಾಳಂತೆ, ಅವಳೇನಾ ಎಂದಳು. ಆಕೆಯ ದನಿಯಲ್ಲಿ ಅಷ್ಟು ಸಂತೋಷವಿತ್ತು. ಯಾರೋ ಏನೋ, ತನ್ನ ಮನೆಯ ಹುಡುಗಿಯೇ ಎನ್ನುವ ಹಾಗೆ ಕೇಳಿದಳು. ಮಾರುತೇಶ ಹ್ಞೂಂ ಎಂದು ಎದ್ದುಬಿಟ್ಟ.

ಕೆರೆಯ ಏರಿಯ ಮೇಲೆ ಹೋಗಿ ಕುಳಿತ. ಮೊದಲು ಮನಸ್ಸಿಗೆ ಒಂದು ತರಹದ ಹಗುರ. ಹೊತ್ತು ಇಳಿಯುತ್ತ ಬಂದಂತೆ ಅದು ಹೋಯಿತು. ಎರಡು ಸಲ ಫೋನ್ ಕೈಗೆತ್ತಿಕೊಂಡ, ಎರಡು ಸಲವೂ ಜೇಬಿಗಿಳಿಸಿದ. ಈಗಲೂ ಹೊರಟರೆ ಮುಟ್ಟಬಹುದು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕುಳಿತ. ಗಡುವು ಮುಗಿದು ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಫೋನ್ ಆನ್ ಮಾಡಿದ. ಮನೆಯಿಂದ ಕರೆ ಬಂದಿದ್ದರ ಸಂದೇಶಗಳು ಒಂದರ ಮೇಲೊಂದು ಬಿದ್ದವು. ಆದರೆ ಓಟಿಪಿ ಒಂದೂ ಇರಲಿಲ್ಲ. ಅವನಿಗೆ ಅರ್ಥವಾಗಲಿಲ್ಲ.

ಮನೆಗೆ ಬಂದಾಗ ಕೆಂಚಕ್ಕ ಮೊಮ್ಮಗಳಿಗೆ ತಲೆ ಬಾಚುತ್ತಿದ್ದರು. ಮಗನ ಕಡೆ ನೋಡಲಿಲ್ಲ. ಉಷಾ ಬಟ್ಟೆ ಮಡಚುತ್ತಿದ್ದವಳು, ಊಟ ಮಾಡಿದ್ದೀರಾ ಎಂದು ಕೇಳಿದಳು. ಅವನು ಚಾರ್ಜಿನ ಮಾತು ತೆಗೆದ. ಪರಮೇಶನ ಹತ್ತಿರ ಅರ್ಜೆಂಟ್ ಕೆಲಸ ಬಂತು ಎಂದ. ಅವಳು ಪೂರ್ತಿ ಹೇಳಲು ಬಿಟ್ಟಳು. ಆಮೇಲೆ ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟಳು.

“ಕಾರವಾರ ತಗಂಡೆ. ದುರ್ಗ ಬೇಡ ಅಂತ ಒತ್ತಿದೆ” ಎಂದಳು.

“ಓಟಿಪಿ ಇಲ್ದೆ?”

“ನಂಬರ್ ಬದಲಾಯಿಸಿದ್ದೆ. ಅವತ್ತು ದುರ್ಗದಲ್ಲಿ ಒಳಗೆ ಹೋಗಿದ್ದು ಅದಕ್ಕೇ. ಓಟಿಪಿ ನನ್ ಫೋನಿಗೇ ಬಂತು.”

ಅವನು ಗೋಡೆಗೆ ಒರಗಿ ನಿಂತ. ಹೆಂಡತಿ ತನ್ನನ್ನು ಎಷ್ಟು ದಿನದಿಂದ ಓದಿಕೊಂಡಿದ್ದಾಳೆ ಎಂದು ಲೆಕ್ಕ ಹಾಕಲೂ ಆಗಲಿಲ್ಲ. ಹಾಗಿದ್ದರೆ ಅಷ್ಟೊಂದು ಸಲ ಫೋನ್ ಮಾಡಿದ್ದೇಕೆ ಎಂದು ಕೇಳಿದ.

“ಕೇಳಾಣ ಅಂತ ಮಾಡಿದ್ದೆ. ಮಧ್ಯಾಹ್ನದ ತನಕ ದುರ್ಗಾನೇ ಅಂದ್ಕಂಡಿದ್ದೆ. ನೀವು ಫೋನ್ ಎತ್ತಿದ್ರೆ ಅದನ್ನೇ ಮಾಡ್ತಿದ್ದೆ” ಎಂದಳು. ಸ್ವಲ್ಪ ತಡೆದು, “ಈ ಮನೇಲಿ ಕುಂತು ಐದು ವರ್ಷ ಓದಕ್ಕಾಗಲ್ಲ ಅಂತ ಆಮೇಲೆ ಗೊತ್ತಾಯ್ತು” ಎಂದಳು.

ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೂ ಕೂಗಾಡಲು ಒಂದು ದಾರಿಯಿರುತ್ತಿತ್ತು.

ಕಾರವಾರಕ್ಕೆ ಸೇರಿಸಲು ಬೋರಣ್ಣ ಜೊತೆಗೆ ಹೋದ. ಮಾರುತೇಶ ಅಂಗಡಿ ಬಿಡಲಾಗುವುದಿಲ್ಲ ಎಂದು ನಿಂತ. ಬಸ್ಸು ಅವನ ಅಂಗಡಿಯ ಮುಂದೆಯೇ ಹಾದುಹೋಯಿತು. ಮಗಳು ಕೆಂಚಕ್ಕನ ಸೊಂಟ ಹಿಡಿದುಕೊಂಡು ಅಳುತ್ತಿದ್ದಳು. ಉಷಾ ಕಿಟಕಿಯಿಂದ ಮಗಳನ್ನು ನೋಡುತ್ತಿದ್ದಳು. ತನ್ನ ಕಡೆಗೂ ನೋಡುತ್ತಾಳೆಂದು ಅವನು ಕೌಂಟರಿನ ಹಿಂದೆ ಕಾದ. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಆಮೇಲಿನ ತಿಂಗಳುಗಳಲ್ಲಿ ಅವನು ಇನ್ನಷ್ಟು ಒಣಗಿದ. ಸಂಜೆ ಅವಳು ವಿಡಿಯೋ ಕರೆ ಮಾಡಿದರೆ ಪ್ರೀತಿಯ ಕೈಗೆ ಫೋನ್ ಕೊಟ್ಟು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದ. ಅವಳ ಹಿಂದೆ ಕಾಣುವ ಹಾಸ್ಟೆಲ್ ಕೋಣೆ, ಮೇಜಿನ ಮೇಲಿನ ದಪ್ಪ ಪುಸ್ತಕಗಳು, ಎಲ್ಲವನ್ನೂ ಕದ್ದು ನೋಡುತ್ತಿದ್ದ. ಜೊತೆಯ ಹುಡುಗಿಯರು ಅವಳನ್ನು ಅಕ್ಕ ಎನ್ನುತ್ತಿದ್ದರು. ಒಮ್ಮೆ ಹಿಂದಿನಿಂದ ಗಂಡಸಿನ ದನಿಯೊಂದು ಅಕ್ಕಾ, ಊಟಕ್ಕೆ ಬರಲ್ವಾ ಎಂದದ್ದು ಕೇಳಿ ಅವನಿಗೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಅದು ಮೆಸ್ಸಿನ ಅಡಿಗೆಯವನು ಎಂದು ಮಗಳೇ ಆಮೇಲೆ ಹೇಳಿದಳು. ಊರಲ್ಲಿ ಯಾರಾದರೂ ಹೆಂಡತಿಯ ವಿಷಯ ಕೇಳಿದರೆ, ಹೊರಗಡೆ ಓದುತ್ತಿದ್ದಾಳೆ ಎಂದು ಅಷ್ಟಕ್ಕೇ ನಿಲ್ಲಿಸುತ್ತಿದ್ದ.

ಮೊದಲ ವರ್ಷದ ಫಲಿತಾಂಶ ಬಂದ ದಿನ ಉಷಾ ಅವನಿಗೇ ನೇರ ಫೋನ್ ಮಾಡಿದಳು. ಅನಾಟಮಿ ಹೋಯಿತು ಎಂದಳು. ಉಳಿದದ್ದೆಲ್ಲ ಪಾಸು, ಅದೊಂದು ಫೇಲು. ಅತ್ತೆಗೂ ಅಣ್ಣನಿಗೂ ಇನ್ನೂ ಹೇಳಿಲ್ಲ ಎಂದಳು. ಮಾರುತೇಶ ಬಹಳ ಮೆತ್ತಗೆ, ಬಹಳ ಅಕ್ಕರೆಯಿಂದ ಸಮಾಧಾನ ಹೇಳಿದ. ಎಷ್ಟೋ ತಿಂಗಳಲ್ಲಿ ಅವನು ಅವಳೊಂದಿಗೆ ಹಾಗೆ ಮಾತಾಡಿರಲಿಲ್ಲ. ಫೋನಿಟ್ಟ ಮೇಲೆ ಅಂಗಡಿಗೆ ಬಂದ ಮಕ್ಕಳಿಗೆ ಚಾಕೊಲೇಟು ಕೊಟ್ಟ. ಪಕ್ಕದ ಹೋಟೆಲಿನವನ ಜೊತೆ ನಗುತ್ತ ಮಾತಾಡಿದ. ಎದೆಯ ಮೇಲಿನ ಕಲ್ಲು ಇಳಿದ ಹಾಗಿತ್ತು. ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುವಾಗ ತಾನು ಏನೋ ಹಾಡು ಗುನುಗುತ್ತಿದ್ದೇನೆ ಎಂಬುದು ಅವನ ಗಮನಕ್ಕೆ ಬಂತು. ಯಾವ ಕಾರಣಕ್ಕೆ ಎಂದು ಕೇಳಿಕೊಂಡ. ಉತ್ತರ ಬಂದಾಗ ಡಬ್ಬಿಯನ್ನು ಹಾಗೆಯೇ ಮುಚ್ಚಿಟ್ಟ. ಅವಳು ಬಿದ್ದದ್ದಕ್ಕೆ, ಸಿಇಟಿಯಲ್ಲೇ ಮೂರು ಸಲ ಬಿದ್ದ ತಾನು ಹಾಡುತ್ತಿದ್ದಾನೆ.

ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಕಾರವಾರದ ದಾರಿ ಹಿಡಿದ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಘಟ್ಟ ಇಳಿದು, ಸಂಜೆಯ ಹೊತ್ತಿಗೆ ತಲುಪಿದರು. ಅವಳು ಸೇರಿದ ಮೇಲೆ ಅವನು ಅಲ್ಲಿಗೆ ಹೋದದ್ದು ಅದೇ ಮೊದಲು. ಉಷಾ ಸೊರಗಿದ್ದಳು, ಕಣ್ಣಿನ ಸುತ್ತ ಕಪ್ಪಾಗಿತ್ತು. ಮೂವರೂ ಕಡಲ ತೀರಕ್ಕೆ ಹೋದರು. ಪ್ರೀತಿ ಮರಳಿನಲ್ಲಿ ಗುಂಡಿ ತೋಡುತ್ತ ಕುಳಿತಳು. ಗಂಡ ಹೆಂಡತಿ ಸ್ವಲ್ಪ ದೂರ ಕುಳಿತರು.

“ನೀನು ಫೇಲ್ ಅಂದಾಗ ನಂಗೆ ಖುಷಿ ಆಯ್ತು ಉಷಾ” ಎಂದ ಮಾರುತೇಶ. “ಅದನ್ನ ಹೇಳಿ ಹೋಗಾಣ ಅಂತ ಬಂದೆ.”

“ಗೊತ್ತಾಯ್ತು” ಎಂದಳು ಅವಳು. “ಅಷ್ಟು ಪ್ರೀತಿಯಿಂದ ಮಾತಾಡಿದ್ರಲ್ಲ, ಆಗಲೇ ಗೊತ್ತಾಯ್ತು.”

ಅವನು ಮುಖ ತಗ್ಗಿಸಿದ. ಭೀಮಸಮುದ್ರದ ಕೆರೆ ಏರಿಯ ಮೇಲೆ ಕುಳಿತಿದ್ದುದರಿಂದ ಹಿಡಿದು, ಫಲಿತಾಂಶವನ್ನು ಸಂಜೆಯವರೆಗೆ ಮುಚ್ಚಿಟ್ಟಿದ್ದುದರವರೆಗೆ ಎಲ್ಲವನ್ನೂ ಹೇಳಿದ. ಅವಳಿಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇರಲಿಲ್ಲ. ಆದರೂ ಕೇಳಿಸಿಕೊಂಡಳು. ಅವನು ಮುಗಿಸಿದ ಮೇಲೆ ಅವಳು ಹೇಳಿದ್ದು ಅವನು ಎಂದೂ ಕೇಳದ ಸಂಗತಿ. ಮದುವೆಯಾಗಿ ಬಂದ ಹೊಸತರಲ್ಲಿ ಅಟ್ಟದ ಮೇಲಿನ ಅವನ ಕೋಚಿಂಗ್ ಪುಸ್ತಕಗಳನ್ನು ನೋಡಿ ಅವಳಿಗೆ ಮೈ ಉರಿದುಹೋಗಿತ್ತಂತೆ. ದೂಳು ಹೊಡೆಯುವ ನೆಪದಲ್ಲಿ ಹತ್ತಿ, ಪುಟ ತಿರುಗಿಸಿ, ಅರ್ಧಕ್ಕೇ ಬಿಟ್ಟ ಪಾಠಗಳನ್ನು ಕಂಡು ಸಿಟ್ಟಿನಿಂದ ಇಳಿದು ಬರುತ್ತಿದ್ದಳಂತೆ. ಮಗನ ಸೋಲು ನೆನೆದು ಅತ್ತೆ ಕಣ್ಣೀರು ಹಾಕಿದಾಗಲೆಲ್ಲ ಅವಳಿಗೆ ಒಂದಿಷ್ಟೂ ಮರುಕ ಬರುತ್ತಿರಲಿಲ್ಲವಂತೆ.

“ನೀವು ಮೂರು ಸಲ ಸಿಇಟಿ ಬರೆದು ಫೇಲಾದೋರು. ನಂಗೆ ಆಗ ಒಂದ್ ಸಲ ಫೇಲಾಗಕ್ಕೂ ಯಾರೂ ಬಿಡ್ಲಿಲ್ಲ” ಎಂದಳು. “ನಾನೂ ನಿಮ್ಮನ್ನ ನೋಡಿ ಹೊಟ್ಟೆ ಉರ್ಕಂಡೋಳೇ. ನಿಮಗೆ ಕಾಣ್ಲಿಲ್ಲ ಅಷ್ಟೇ.”

ವಿಚಿತ್ರವೆಂದರೆ, ತನ್ನ ಆ ಮೂರು ಸೋಲುಗಳನ್ನು ಕಂಡು ಕರುಬಿದವರೂ ಒಬ್ಬರಿದ್ದರು ಎಂಬುದು ಮಾರುತೇಶನಿಗೆ ಒಂದು ಬಗೆಯ ಸಮಾಧಾನ ಕೊಟ್ಟಿತು. ಆ ಸಮಾಧಾನಕ್ಕೂ ನಾಚಿಕೆಪಟ್ಟ. ಅಷ್ಟರಲ್ಲಿ ಪ್ರೀತಿ ಒದ್ದೆ ಬಟ್ಟೆಯಲ್ಲಿ ಓಡಿಬಂದು ಅವರಿಬ್ಬರ ನಡುವೆ ಕುಳಿತಳು.

ಮರು ಪರೀಕ್ಷೆಯ ತನಕ ಅವನು ಒಂದು ಕೆಲಸ ಮಾಡಿದ. ಮಧ್ಯಾಹ್ನ ಅಂಗಡಿಯಲ್ಲಿ ಜನ ಕಡಿಮೆಯಾದಾಗ ಅವಳು ಫೋನ್ ಮಾಡಿ ಓದಿದ್ದನ್ನು ಒಪ್ಪಿಸುತ್ತಿದ್ದಳು, ಅವನು ಅವಳು ಕಳಿಸಿದ ಪುಟಗಳನ್ನು ನೋಡಿಕೊಂಡು ಪ್ರಶ್ನೆ ಕೇಳುತ್ತಿದ್ದ. ಅರ್ಧಕ್ಕರ್ಧ ಹೆಸರುಗಳನ್ನು ಅವನು ತಪ್ಪಾಗಿ ಓದುತ್ತಿದ್ದ. ಅವಳು ತಿದ್ದುತ್ತಿದ್ದಳು. ತಿದ್ದಿದಾಗಲೆಲ್ಲ ಅವನಿಗೆ ಚುರುಕ್ ಎನ್ನುತ್ತಿತ್ತು. ಕೆಲವು ದಿನ ಗಿರಾಕಿ ಬಂದರು ಎಂದು ಸುಳ್ಳು ಹೇಳಿ ಫೋನ್ ಇಟ್ಟದ್ದೂ ಉಂಟು. ಮರುದಿನ ಮತ್ತೆ ತಾನೇ ಮಾಡುತ್ತಿದ್ದ.

ಅವಳು ಪಾಸಾದಳು. ಅಂದು ಅವನಿಗೆ ಖುಷಿಯಾಯಿತೇ ಎಂದು ಕೆಂಚಕ್ಕ ಕೇಳಲಿಲ್ಲ, ಮಗನ ಮುಖವನ್ನು ಮಾತ್ರ ನೋಡಿದರು. ಅರ್ಧ ಆಯಿತು ಎಂದು ಅವನೇ ಹೇಳಿದ. ಅಷ್ಟಾದರೂ ಆಯಿತಲ್ಲ ಎಂದು ಅವರು ಒಳಗೆ ಹೋಗಿ ಒಬ್ಬಟ್ಟಿಗೆ ಬೇಳೆ ನೆನೆಹಾಕಿದರು.

ಈಗ ಉಷಾ ಎರಡನೆಯ ವರ್ಷದಲ್ಲಿದ್ದಾಳೆ. ರಜೆಗೆ ಬಂದಾಗ ಊರಿನ ಹೆಂಗಸರು ಮನೆಗೇ ಬಂದು ಅವಳಿಗೆ ಕೈಕಾಲು ತೋರಿಸುತ್ತಾರೆ. ನಾನಿನ್ನೂ ಡಾಕ್ಟರಾಗಿಲ್ಲ ಎಂದು ಅವಳು ಎಲ್ಲರಿಗೂ ಹೇಳಿ ಆಸ್ಪತ್ರೆಗೆ ಕಳಿಸುತ್ತಾಳೆ. ಮಾರುತೇಶ ಪಕ್ಕದ ಕೋಣೆಯಲ್ಲಿ ಕುಳಿತು ಅದನ್ನು ಕೇಳುತ್ತಾನೆ. ಹೊಟ್ಟೆಯುರಿ ಹೋಗಿಲ್ಲ. ಅದು ಬಂದಾಗ ಹೆಂಡತಿಗೆ ಹೇಳುತ್ತಾನೆ, ಇವತ್ತು ಮತ್ತೆ ಬಂತು ಎಂದು. ಅವಳು ಯಾಕೆ ಎಂದು ಕೇಳುತ್ತಾಳೆ. ಕೆಲವೊಮ್ಮೆ ಇಬ್ಬರೂ ಜಗಳಕ್ಕೆ ಬೀಳುತ್ತಾರೆ, ಕೆಲವೊಮ್ಮೆ ಚಹಾ ಮಾಡಿಕೊಂಡು ಹಿತ್ತಲಲ್ಲಿ ಕುಳಿತುಕೊಳ್ಳುತ್ತಾರೆ.